ಟಿಕ್ ಹಾಕಿದ ಕಾಲಂ ಮಾತ್ರ ಗ್ರಾಫ್‌ನಲ್ಲಿ ಬರಬೇಕು: ಎಕ್ಸೆಲ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ನಮ್ಮದು ಮಂಡ್ಯ ಕಡೆಯ ಮನೆ. ಜೂನ್ ಬಂತೆಂದರೆ ಕಟ್ಟೆಗೆ ಎಷ್ಟು ನೀರು ಬಂತು ಅನ್ನೋದೇ ಮಾತು. ಅದಕ್ಕೇ ಕನ್ನಂಬಾಡಿ (ಕೆಆರ್‌ಎಸ್), ಹೇಮಾವತಿ, ಹಾರಂಗಿ, ಕಬಿನಿ ಈ ನಾಲ್ಕರ ದಿನದ ಲೆಕ್ಕವನ್ನು ಒಂದು ಎಕ್ಸೆಲ್ ಶೀಟ್‌ನಲ್ಲಿ ಬರೆದಿಡುತ್ತೇನೆ. ದಿನಾಂಕಕ್ಕೆ ಒಂದು ಕಾಲಂ, ಒಂದೊಂದು ಜಲಾಶಯಕ್ಕೆ ಒಂದೊಂದು ಕಾಲಂ. ನೋಡುವವರು ತಮಗೆ ಬೇಕಾದ್ದನ್ನು ಆರಿಸಬೇಕು. ಒಬ್ಬರಿಗೆ ಕನ್ನಂಬಾಡಿ ಒಂದೇ ಸಾಕು, ಇನ್ನೊಬ್ಬರಿಗೆ ಅದರ ಜೊತೆ ಹೇಮಾವತಿಯೂ ಬೇಕು, ಮತ್ತೊಬ್ಬರಿಗೆ ನಾಲ್ಕೂ ಬೇಕು. ಆರಿಸಿದಷ್ಟೂ ಒಂದೇ ಗ್ರಾಫ್‌ನಲ್ಲಿ ಬರಬೇಕು.

ಕೇಳಲು ಸುಲಭ. ಮಾಡಲು ಹೋದರೆ ಒಂದಲ್ಲ ಒಂದು ತೊಂದರೆ ಬರುತ್ತದೆ. ನನಗೆ ಬಂದ ತೊಂದರೆಗಳನ್ನೂ ಅವು ಎಲ್ಲಿ ಅಡಗಿದ್ದವು ಅನ್ನುವುದನ್ನೂ ಇಲ್ಲಿ ಬರೆದಿದ್ದೇನೆ. ನಿಮ್ಮದು ಜಲಾಶಯದ ಲೆಕ್ಕ ಆಗಿರಬೇಕಿಲ್ಲ. ಅಂಗಡಿಯ ವ್ಯಾಪಾರ, ಹಾಲಿನ ಡೇರಿ ಲೆಕ್ಕ, ಶಾಲೆಯ ಅಂಕ, ಯಾವುದಾದರೂ ಸರಿ, ದೋಷ ಇವೇ ಜಾಗಗಳಲ್ಲಿ ಇರುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಫಾರ್ಮುಲಾಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಎಕ್ಸೆಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.

ಗ್ರಾಫ್ ನೋಡಬೇಡಿ, ಸೆಲ್ ನೋಡಿ

ಗ್ರಾಫ್ ತಪ್ಪಾಗಿ ಬಂದ ಕೂಡಲೇ ಎಲ್ಲರೂ ಗ್ರಾಫನ್ನೇ ಕ್ಲಿಕ್ ಮಾಡಿ, ಬಣ್ಣ ಬದಲಾಯಿಸಿ, ಅಳಿಸಿ, ಮತ್ತೆ ಹಾಕಿ ಒದ್ದಾಡುತ್ತಾರೆ. ಅದರಲ್ಲಿ ಅರ್ಧ ದಿನ ಹೋಗುತ್ತದೆ. ಗ್ರಾಫ್ ತಾನಾಗಿ ಏನನ್ನೂ ಯೋಚಿಸುವುದಿಲ್ಲ, ಸೆಲ್‌ನಲ್ಲಿ ಇದ್ದದ್ದನ್ನು ಗೆರೆ ಎಳೆಯುತ್ತದೆ ಅಷ್ಟೇ. ಹಾಗಾಗಿ ಮೊದಲ ಪ್ರಶ್ನೆ ಒಂದೇ: ಗ್ರಾಫ್ ಯಾವ ಸೆಲ್‌ಗಳನ್ನು ಓದುತ್ತಿದೆ, ಆ ಸೆಲ್‌ಗಳಲ್ಲಿ ಈಗ ನಿಜವಾಗಿ ಏನಿದೆ?

ಇದನ್ನು ನೋಡುವುದು ಕಷ್ಟವಲ್ಲ. ಗ್ರಾಫ್‌ನಲ್ಲಿ ಒಂದು ಗೆರೆಯ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಪಟ್ಟಿ ನೋಡಿ. ಅಲ್ಲಿ ಸೀರೀಸ್ ಅನ್ನುವ ಫಾರ್ಮುಲಾ ಕಾಣುತ್ತದೆ. ಅದರೊಳಗೆ ಕ್ರಮವಾಗಿ ಗೆರೆಯ ಹೆಸರು, ಅಡ್ಡ ಅಕ್ಷದ ದಿನಾಂಕಗಳು, ಗೆರೆ ಎಳೆಯುವ ಸಂಖ್ಯೆಗಳು, ಕೊನೆಗೆ ಎಷ್ಟನೇ ಗೆರೆ ಅನ್ನುವುದು ಇರುತ್ತದೆ. ಆ ಸಂಖ್ಯೆಗಳ ವಿಳಾಸ ಎಲ್ಲಿಗೆ ತೋರಿಸುತ್ತಿದೆಯೋ ಆ ಜಾಗಕ್ಕೆ ಹೋಗಿ ನೋಡಿ. ಸೆಲ್‌ನಲ್ಲೇ ತಪ್ಪಿದ್ದರೆ ಗ್ರಾಫನ್ನು ಮುಟ್ಟುವ ಕೆಲಸವೇ ಇಲ್ಲ. ಸೆಲ್ ಸರಿಯಿದ್ದು ಗೆರೆ ಮಾತ್ರ ತಪ್ಪಾಗಿದ್ದರೆ ಆಗ ಗ್ರಾಫ್ ಕಡೆ ತಿರುಗಿ. ಮುಂದಿನದೆಲ್ಲ ಈ ಎರಡರಲ್ಲಿ ಒಂದು.

ಕಾಲಂ ಸಂಖ್ಯೆ ಬದಲಾಯಿಸಿದರೂ ಗ್ರಾಫ್ ಬೆಳೆಯುವುದಿಲ್ಲ

ನನ್ನನ್ನು ಬಹಳ ದಿನ ಸುತ್ತಿಸಿದ್ದು ಇದೇ. ಒಂದು ಸೆಲ್‌ನಲ್ಲಿ 2 ಅಂತ ಹಾಕಿದರೆ ಎರಡು ಕಾಲಂ, 3 ಅಂತ ಹಾಕಿದರೆ ಮೂರು ಕಾಲಂ ಬರಲಿ ಅಂತ ಆಫ್‌ಸೆಟ್ ಫಾರ್ಮುಲಾ (ಒಂದು ಸೆಲ್‌ನಿಂದ ಎಣಿಸಿ ಬೇಕಾದಷ್ಟು ಸಾಲು, ಕಾಲಂ ಎತ್ತಿಕೊಡುವಂಥದ್ದು) ಬರೆದು ಅದಕ್ಕೆ ಒಂದು ಹೆಸರು ಕೊಟ್ಟೆ. ಆ ಹೆಸರನ್ನು ಗ್ರಾಫ್‌ನ ಡೇಟಾ ರೇಂಜ್ ಜಾಗದಲ್ಲಿ ಹಾಕಿದೆ. ಎಕ್ಸೆಲ್ ಒಪ್ಪಿಕೊಂಡಿತು, ಸರಿಯಾದ ಎರಡು ಗೆರೆಗಳೂ ಬಂದವು. ಆಮೇಲೆ 3 ಹಾಕಿದೆ. ಗ್ರಾಫ್ ಅಲುಗಲಿಲ್ಲ.

ಸೆಲೆಕ್ಟ್ ಡೇಟಾ ತೆರೆದು ನೋಡಿದಾಗ ಗೊತ್ತಾಯಿತು. ನಾನು ಕೊಟ್ಟ ಹೆಸರು ಅಲ್ಲಿ ಇರಲೇ ಇಲ್ಲ. ಒಪ್ಪಿಕೊಂಡ ಆ ಕ್ಷಣದಲ್ಲೇ ಎಕ್ಸೆಲ್ ಆ ಹೆಸರನ್ನು ಗಟ್ಟಿ ವಿಳಾಸವಾಗಿ ಬದಲಾಯಿಸಿ ಕೂತಿತ್ತು. ಹೆಸರು ಕೊಟ್ಟ ರೇಂಜನ್ನು ಒಂದೊಂದು ಗೆರೆಯ ಒಳಗೆ ಬೇರೆ ಬೇರೆಯಾಗಿ ಹಾಕಿದರೆ ಅದು ಉಳಿಯುತ್ತದೆ. ಹಾಗೆ ಹಾಕುವಾಗ ಹೆಸರಿನ ಮುಂದೆ ಶೀಟ್ ಅಥವಾ ಫೈಲ್‌ನ ಹೆಸರೂ ಇರಬೇಕು, ಬರೀ ಹೆಸರು ಕೊಟ್ಟರೆ ಎಕ್ಸೆಲ್ ತಿರಸ್ಕರಿಸುತ್ತದೆ. ಆದರೆ ಇದರಿಂದ ಬೆಳೆಯುವುದು ಗೆರೆಯ ಉದ್ದ ಮಾತ್ರ. ಇವತ್ತು 30 ದಿನ, ನಾಳೆ 31 ದಿನ, ಅದು ಸರಿಯಾಗಿ ನಡೆಯುತ್ತದೆ. ಗೆರೆಗಳ ಸಂಖ್ಯೆ ಮಾತ್ರ ಈ ದಾರಿಯಲ್ಲಿ ಬೆಳೆಯುವುದಿಲ್ಲ. ಆಫ್‌ಸೆಟ್‌ನಲ್ಲಿ ಎಷ್ಟೇ ತಿದ್ದಿದರೂ ಆಗದು, ಯಾಕೆಂದರೆ ತಪ್ಪು ಆಫ್‌ಸೆಟ್‌ನಲ್ಲಿಲ್ಲ.

ದಾರಿ ಅಂದರೆ ಯೋಚನೆಯನ್ನೇ ತಿರುಗಿಸಿ ಹಾಕುವುದು. ಬೇಕಾದಾಗ ಗೆರೆ ಸೇರಿಸುವ ಬದಲು ಎಲ್ಲ ಗೆರೆಗಳನ್ನೂ ಮೊದಲೇ ಗ್ರಾಫ್‌ನಲ್ಲಿ ಹಾಕಿಬಿಡಿ, ಬೇಡವಾದ್ದನ್ನು ಕಾಣದಂತೆ ಮಾಡಿ. ಒಂದು ಗ್ರಾಫ್‌ನಲ್ಲಿ 255 ಗೆರೆಗಳವರೆಗೆ ಎಕ್ಸೆಲ್ ಒಪ್ಪುತ್ತದೆ, ಹಾಗಾಗಿ ಜಾಗದ ಚಿಂತೆ ಇಲ್ಲ.

ನನ್ನ ಶೀಟ್ ಹೀಗಿದೆ. 2ನೇ ಸಾಲಿನಲ್ಲಿ ತಲೆಬರಹ, 3ನೇ ಸಾಲಿನಿಂದ ಲೆಕ್ಕ. ಎ ಕಾಲಂನಲ್ಲಿ ದಿನಾಂಕ. ಬಿ, ಸಿ, ಡಿ, ಇ ಕಾಲಂಗಳಲ್ಲಿ ನಾಲ್ಕು ಜಲಾಶಯ. ಎಫ್ ಖಾಲಿ. ಜಿ, ಎಚ್, ಐ, ಜೆ ನಾಲ್ಕೂ ಸಹಾಯದ ಕಾಲಂಗಳು, ಗ್ರಾಫ್ ಓದುವುದು ಇವನ್ನೇ. 1ನೇ ಸಾಲಿನಲ್ಲಿ, ಜಿ1ರಿಂದ ಜೆ1ರವರೆಗೆ, ಟಿಕ್ ಪೆಟ್ಟಿಗೆಗಳಿಂದ ಬರುವ ಟ್ರೂ ಅಥವಾ ಫಾಲ್ಸ್ ಇರುತ್ತದೆ. ಜಿ3ರಲ್ಲಿರುವ ಫಾರ್ಮುಲಾ ಇದು:

=ಇಫ್(ಜಿ$1, ಇಫ್(ಈಸ್‌ನಂಬರ್(ಬಿ3), ಬಿ3, ಎನ್‌ಎ()), ಎನ್‌ಎ())

ಟಿಕ್ ಇದ್ದರೆ, ಅಲ್ಲಿರುವುದು ನಿಜವಾಗಿಯೂ ಸಂಖ್ಯೆಯಾದರೆ, ಅದನ್ನು ತೋರಿಸು. ಇಲ್ಲದಿದ್ದರೆ ಎನ್‌ಎ ದೋಷ (#N/A, ಇಲ್ಲಿ ಲೆಕ್ಕ ಇಲ್ಲ ಅನ್ನುವ ಗುರುತು) ತೋರಿಸು. ಎನ್‌ಎ ಇರುವ ಬಿಂದುವನ್ನು ಎಕ್ಸೆಲ್ ಗುರುತು ಹಾಕುವುದಿಲ್ಲ, ಪೂರ್ತಿ ಕಾಲಂ ಎನ್‌ಎ ಆದರೆ ಗೆರೆಯೇ ಇರುವುದಿಲ್ಲ. ಇದನ್ನೇ ಬಲಕ್ಕೂ ಕೆಳಕ್ಕೂ ಎಳೆದರೆ ಮುಗಿಯಿತು. ಸೆಲ್ ತುಂಬ ಎನ್‌ಎ ಕಾಣುವುದು ಕಣ್ಣಿಗೆ ಹಿತವಲ್ಲ, ಬೇಕಾದರೆ ಆ ಅಕ್ಷರಕ್ಕೆ ತಿಳಿ ಬೂದು ಬಣ್ಣ ಕೊಡಿ. ಮೊತ್ತ, ಸರಾಸರಿ ಏನೇ ಮಾಡುವುದಿದ್ದರೂ ಮೂಲ ಕಾಲಂನಲ್ಲೇ ಮಾಡಿ. ಎನ್‌ಎ ಇರುವ ಕಾಲಂ ಕೂಡಿಸಿದರೆ ಉತ್ತರವೂ ಎನ್‌ಎ.

ಫೈಲ್ ನೀವೊಬ್ಬರೇ ನೋಡುವುದಾದರೆ ಇಷ್ಟೆಲ್ಲ ಬೇಕಿಲ್ಲ. ವಿಂಡೋಸ್‌ನ ಎಕ್ಸೆಲ್ 2013ರಿಂದ ಈಚೆಗೆ, ಗ್ರಾಫ್ ಮೇಲೆ ಕ್ಲಿಕ್ ಮಾಡಿದಾಗ ಪಕ್ಕದಲ್ಲಿ ಆಲಿಕೆಯಂತಹ ಒಂದು ಗುರುತು ಬರುತ್ತದೆ. ಅದನ್ನು ಒತ್ತಿ ಬೇಕಾದ ಗೆರೆಗಳಿಗೆ ಟಿಕ್ ಹಾಕಿ ಅಪ್ಲೈ ಒತ್ತಿದರೆ ಸಾಕು.

ಯಾವ ಸಂಖ್ಯೆ ಹಾಕಿದರೂ ನಾಲ್ಕೂ ಗೆರೆ ಬರುತ್ತವೆ

ಟಿಕ್ ಬದಲು ಸಂಖ್ಯೆಯನ್ನೇ ಕೇಳುವವರಿಗೆ ಈ ತೊಂದರೆ. ಎಲ್1 ಸೆಲ್‌ನಲ್ಲಿ ಎಷ್ಟು ಕಾಲಂ ಬೇಕು ಅಂತ ಬರೆಯುತ್ತಾರೆ, ಜಿ1ರಲ್ಲಿ ಈ ಫಾರ್ಮುಲಾ ಹಾಕಿ ಬಲಕ್ಕೆ ಎಳೆಯುತ್ತಾರೆ:

=ಕಾಲಮ್ಸ್($ಜಿ1:ಜಿ1)<=$ಎಲ್$1

ಎಲ್1ರಲ್ಲಿ 2 ಇದ್ದರೆ ಮೊದಲ ಎರಡು ಟ್ರೂ, ಉಳಿದೆರಡು ಫಾಲ್ಸ್. ಫಾರ್ಮುಲಾದಲ್ಲಿ ತಪ್ಪಿಲ್ಲ. ಆದರೂ ಕೆಲವು ಫೈಲ್‌ಗಳಲ್ಲಿ 1 ಹಾಕಿದರೂ ನಾಲ್ಕೂ ಟ್ರೂ ಬರುತ್ತವೆ.

ಆಗ ಎಲ್1ರ ಮೇಲೆ ಕಣ್ಣಿಡಿ. ಸಂಖ್ಯೆ ಸೆಲ್‌ನ ಎಡಕ್ಕೆ ಅಂಟಿಕೊಂಡಿದೆಯಾ? ಹಾಗಿದ್ದರೆ ಅದು ಸಂಖ್ಯೆಯಲ್ಲ, ಸಂಖ್ಯೆಯಂತೆ ಕಾಣುವ ಅಕ್ಷರ. ಸೆಲ್‌ನ ಫಾರ್ಮ್ಯಾಟ್ ಟೆಕ್ಸ್ಟ್ ಅಂತ ಇದ್ದಾಗ ಹೀಗಾಗುತ್ತದೆ. ಎಕ್ಸೆಲ್ ಹೋಲಿಸುವಾಗ ಅಕ್ಷರ ಯಾವಾಗಲೂ ಸಂಖ್ಯೆಗಿಂತ ದೊಡ್ಡದು. ಅಂದರೆ ಅಕ್ಷರವಾದ 1ಕ್ಕಿಂತ ಸಂಖ್ಯೆಯಾದ 4 ಚಿಕ್ಕದು ಅಂತ ಅದರ ಲೆಕ್ಕ, ಆದ್ದರಿಂದ ಎಲ್ಲವೂ ಟ್ರೂ. ಫಾರ್ಮ್ಯಾಟನ್ನು ಜನರಲ್‌ಗೆ ಬದಲಾಯಿಸಿ, ಸಂಖ್ಯೆಯನ್ನು ಇನ್ನೊಮ್ಮೆ ಟೈಪ್ ಮಾಡಿ. ಫಾರ್ಮ್ಯಾಟ್ ಬದಲಾಯಿಸಿ ಸುಮ್ನೆ ಬಿಟ್ಟರೆ ಆಗುವುದಿಲ್ಲ, ಮತ್ತೆ ಟೈಪ್ ಮಾಡಲೇಬೇಕು. ಎಲ್1 ಖಾಲಿ ಬಿಟ್ಟರೆ ಇದಕ್ಕೆ ವಿರುದ್ಧ, ಒಂದು ಗೆರೆಯೂ ಬರುವುದಿಲ್ಲ. ಅದು ದೋಷವಲ್ಲ.

ಟಿಕ್ ಪೆಟ್ಟಿಗೆ ಇಟ್ಟವರಿಗೆ ಬೇರೆ ತೊಂದರೆ: ಒಂದಕ್ಕೆ ಟಿಕ್ ಹಾಕಿದರೆ ನಾಲ್ಕಕ್ಕೂ ಟಿಕ್ ಬೀಳುತ್ತದೆ. ಒಂದು ಪೆಟ್ಟಿಗೆ ಮಾಡಿ ಉಳಿದ ಮೂರನ್ನು ಕಾಪಿ ಮಾಡಿರುತ್ತೀರಿ, ಅಲ್ವಾ? ಕಾಪಿ ಮಾಡಿದಾಗ ಅದು ಯಾವ ಸೆಲ್‌ಗೆ ಕಟ್ಟಿದೆಯೋ ಆ ವಿಳಾಸವೂ ಹಾಗೇ ಬರುತ್ತದೆ, ಹಾಗಾಗಿ ನಾಲ್ಕೂ ಜಿ1ಕ್ಕೇ ಕಟ್ಟಿಕೊಂಡಿರುತ್ತವೆ. ಒಂದೊಂದರ ಮೇಲೂ ಬಲ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಕಂಟ್ರೋಲ್‌ಗೆ ಹೋಗಿ, ಸೆಲ್ ಲಿಂಕ್ ಜಾಗದಲ್ಲಿ ಎಚ್1, ಐ1, ಜೆ1 ಅಂತ ತಿದ್ದಿ. ಟಿಕ್‌ಗಳು ಬೇರೆ ಬೇರೆಯಾಗಿದ್ದು ಗೆರೆಗಳು ಮಾತ್ರ ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತಿದ್ದರೆ ತಪ್ಪು ಡಾಲರ್ ಗುರುತಿನಲ್ಲಿದೆ. ಜಿ$1 ಅಂತ ಇರಬೇಕಾದ ಕಡೆ $ಜಿ$1 ಅಂತ ಬರೆದಿರುತ್ತೀರಿ, ಬಲಕ್ಕೆ ಎಳೆದಾಗ ಎಲ್ಲ ಕಾಲಂಗಳೂ ಮೊದಲ ಟಿಕ್ ಕಡೆಗೇ ನೋಡುತ್ತವೆ.

ಟಿಕ್ ಹಾಕಿದರೂ ಏನೂ ಬದಲಾಗದೆ, ಕೀಬೋರ್ಡ್‌ನ ಎಫ್9 ಕೀ ಒತ್ತಿದಾಗ ಮಾತ್ರ ಬದಲಾದರೆ ಲೆಕ್ಕ ಮ್ಯಾನ್ಯುಯಲ್‌ನಲ್ಲಿದೆ. ಫಾರ್ಮುಲಾಸ್ ಟ್ಯಾಬ್‌ನ ಕ್ಯಾಲ್ಕುಲೇಶನ್ ಆಪ್ಷನ್ಸ್‌ನಲ್ಲಿ ಆಟೋಮ್ಯಾಟಿಕ್ ಮಾಡಿ. ನಿಮ್ಮ ಫೈಲ್‌ನಲ್ಲಿ ನೀವು ಏನೂ ಮಾಡಿರಲಿಕ್ಕಿಲ್ಲ. ಅವತ್ತು ಮೊದಲು ತೆರೆದ ಫೈಲ್ ಯಾವ ರೀತಿಯಲ್ಲಿತ್ತೋ ಎಕ್ಸೆಲ್ ಅದನ್ನೇ ಎಲ್ಲ ಫೈಲ್‌ಗಳಿಗೂ ಹಿಡಿದುಕೊಳ್ಳುತ್ತದೆ.

ಗೆರೆ ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳುತ್ತದೆ

ಒಂದು ಬೆಳಿಗ್ಗೆ ಗ್ರಾಫ್‌ನ ಚಿತ್ರವನ್ನು ಮನೆಯವರ ಗುಂಪಿಗೆ ಕಳಿಸಿದ್ದೆ. ಐದು ನಿಮಿಷಕ್ಕೆ ಚಿಕ್ಕಪ್ಪ ಫೋನ್ ಮಾಡಿದರು. "ಏನ್ಲಾ ಮಗ, ಕಬಿನಿ ಬರಿದಾಗೋಯ್ತಾ?" ಧ್ವನಿಯಲ್ಲಿ ಗಾಬರಿ ಇತ್ತು. ಹಿಂದಿನ ದಿನದ ಕಬಿನಿ ಲೆಕ್ಕ ನನಗೆ ಸಿಕ್ಕಿರಲಿಲ್ಲ, ಸೆಲ್ ಖಾಲಿ ಬಿಟ್ಟಿದ್ದೆ. ಗ್ರಾಫ್‌ನಲ್ಲಿ ಗೆರೆ ನೇರವಾಗಿ ನೆಲಕ್ಕೆ ಇಳಿದಿತ್ತು. ನೀರಿನ ಮೇಲೆ ಬದುಕು ನಿಂತವರಿಗೆ ಅಂತಹ ಚಿತ್ರ ಹೋಗಬಾರದಿತ್ತು. ಅವತ್ತಿನಿಂದ ಈ ಒಂದು ದೋಷವನ್ನು ಮಾತ್ರ ಎರಡೆರಡು ಸಲ ನೋಡಿಯೇ ಕಳಿಸುತ್ತೇನೆ.

ಸೊನ್ನೆಗೆ ಬೀಳಲು ಕಾರಣ ಒಂದೇ ಅಲ್ಲ. ಮೂಲ ಸೆಲ್ ಖಾಲಿಯಿದ್ದು ಫಾರ್ಮುಲಾ ಅದನ್ನು ನೇರವಾಗಿ ಎತ್ತಿಕೊಂಡರೆ ಉತ್ತರ 0 ಬರುತ್ತದೆ. ನನ್ನದು ಇದೇ ಆಗಿತ್ತು, ಆಗ ಫಾರ್ಮುಲಾದಲ್ಲಿ ಈಸ್‌ನಂಬರ್ ಇರಲಿಲ್ಲ. ಇನ್ನು ಕೆಲವರು ಎನ್‌ಎ ಕಾಣಬಾರದು ಅಂತ ಅದರ ಜಾಗದಲ್ಲಿ ಎರಡು ಉದ್ಧರಣ ಚಿಹ್ನೆಗಳನ್ನು ಹಾಕಿ ಖಾಲಿ ಅಕ್ಷರ ಬರುವಂತೆ ಮಾಡುತ್ತಾರೆ. ಕಣ್ಣಿಗೆ ಸೆಲ್ ಖಾಲಿ, ಎಕ್ಸೆಲ್‌ಗೆ ಅದು ಅಕ್ಷರ, ಅಕ್ಷರವನ್ನು ಗ್ರಾಫ್ ಸೊನ್ನೆಯಾಗಿ ಗುರುತಿಸುತ್ತದೆ. ಟಿಕ್ ತೆಗೆದಾಗ ಗೆರೆ ಮಾಯವಾಗುವ ಬದಲು ಕೆಳಗೆ ಅಡ್ಡ ಅಕ್ಷದ ಮೇಲೆ ಮಲಗಿದ್ದರೆ ಇದೇ ಕಾರಣ ಅಂತ ಧೈರ್ಯವಾಗಿ ಹೇಳಬಹುದು.

ಮೂರನೆಯದು ವೆಬ್‌ನಿಂದಲೋ ಪಿಡಿಎಫ್‌ನಿಂದಲೋ ತಂದು ಅಂಟಿಸಿದ ಸಂಖ್ಯೆಗಳು. ನೋಡಲು 37.10, ಒಳಗೆ ಅಕ್ಷರ. ಪತ್ತೆ ಮಾಡಲು ಪಕ್ಕದಲ್ಲಿ ಈಸ್‌ನಂಬರ್ ಹಾಕಿ ಕೆಳಗೆ ಎಳೆಯಿರಿ, ಫಾಲ್ಸ್ ಬಂದ ಕಡೆ ತೊಂದರೆ. ಸುಮ್ಮನೆ ಅಕ್ಷರವಾಗಿದ್ದರೆ ಒಂದು ಖಾಲಿ ಸೆಲ್‌ನಲ್ಲಿ 1 ಬರೆದು ಕಾಪಿ ಮಾಡಿ, ಆ ಕಾಲಂ ಆರಿಸಿ, ಪೇಸ್ಟ್ ಸ್ಪೆಷಲ್‌ನಲ್ಲಿ ಮಲ್ಟಿಪ್ಲೈ ಕೊಡಿ. ಅದಕ್ಕೂ ಬಗ್ಗದಿದ್ದರೆ ಸಂಖ್ಯೆಯ ಹಿಂದೋ ಮುಂದೋ ವೆಬ್ ಪುಟದ ಒಂದು ಜಾತಿಯ ಖಾಲಿ ಜಾಗ ಸೇರಿಕೊಂಡಿದೆ. ಅದರ ಅಕ್ಷರ ಸಂಖ್ಯೆ 160. ಟ್ರಿಮ್ ಫಾರ್ಮುಲಾ ಅದನ್ನು ತೆಗೆಯುವುದಿಲ್ಲ, ಅದು ತೆಗೆಯುವುದು ಮಾಮೂಲಿ ಖಾಲಿ ಜಾಗವನ್ನು ಮಾತ್ರ. ಹೀಗೆ ಮಾಡಬೇಕು:

=ವ್ಯಾಲ್ಯೂ(ಸಬ್‌ಸ್ಟಿಟ್ಯೂಟ್(ಬಿ3, ಚಾರ್(160), ""))

ಈಸ್‌ನಂಬರ್ ಕಾವಲಿರುವ ಫಾರ್ಮುಲಾದಲ್ಲಿ ಈ ಮೂರೂ ಎನ್‌ಎ ಆಗುತ್ತವೆ, ಸೊನ್ನೆ ಆಗುವುದಿಲ್ಲ. ನಡುವೆ ಒಂದು ದಿನ ಎನ್‌ಎ ಬಂದರೆ ಎಕ್ಸೆಲ್ ಆಚೆ ಈಚೆಯ ದಿನಗಳನ್ನು ನೇರ ಗೆರೆಯಿಂದ ಸೇರಿಸುತ್ತದೆ. ಹೊಸ ಎಕ್ಸೆಲ್‌ಗಳಲ್ಲಿ ಆ ಜಾಗವನ್ನು ಖಾಲಿ ಬಿಡುವ ಆಯ್ಕೆಯೂ ಇದೆ, ಸೆಲೆಕ್ಟ್ ಡೇಟಾದ ಒಳಗಿನ ಹಿಡನ್ ಅಂಡ್ ಎಂಪ್ಟಿ ಸೆಲ್ಸ್‌ನಲ್ಲಿ. ನನಗೆ ಖಾಲಿ ಬಿಡುವುದೇ ಸರಿ ಅನಿಸುತ್ತದೆ. ಲೆಕ್ಕ ಇಲ್ಲದ ದಿನ ಇಲ್ಲ ಅಂತಲೇ ಕಾಣಲಿ.

ಗ್ರಾಫ್ ಪೂರ್ತಿ ಮಾಯ

ಸಹಾಯದ ಕಾಲಂಗಳು ಕಾಣಬಾರದು ಅಂತ ಹೈಡ್ ಮಾಡಿದ್ದೀರಿ. ಮರೆಯಾದ ಕಾಲಂಗಳನ್ನು ಗ್ರಾಫ್ ತಾನಾಗಿ ತೋರಿಸುವುದಿಲ್ಲ. ಈಗ ಹೇಳಿದ ಅದೇ ಹಿಡನ್ ಅಂಡ್ ಎಂಪ್ಟಿ ಸೆಲ್ಸ್‌ಗೆ ಹೋಗಿ, ಮರೆಯಾದ ಸಾಲು ಮತ್ತು ಕಾಲಂಗಳ ಡೇಟಾ ತೋರಿಸು ಅನ್ನುವ ಆಯ್ಕೆಗೆ ಟಿಕ್ ಹಾಕಿ. ಅಥವಾ ಸಹಾಯದ ಕಾಲಂಗಳನ್ನು ಬೇರೆ ಶೀಟ್‌ಗೆ ಸಾಗಿಸಿ, ಆ ಕಾಲಂಗಳನ್ನು ಹೈಡ್ ಮಾಡಲು ಹೋಗಬೇಡಿ.

ದಿನಾಂಕ ಮತ್ತು ವರ್ಷದ ಗೋಜಲು

ಜುಲೈ ತಿಂಗಳ ಲೆಕ್ಕ ಹಾಕಿದ್ದೀರಿ, ಅಡ್ಡ ಅಕ್ಷ ಮಾತ್ರ ಜನವರಿಯಿಂದ ಡಿಸೆಂಬರ್‌ವರೆಗೆ ಚಾಚಿಕೊಂಡಿದೆ. ದಿನಾಂಕ ಕಾಲಂ ನೋಡಿ. ನಾವು ಬರೆಯುವುದು ದಿನ, ತಿಂಗಳು, ವರ್ಷ. ಕಂಪ್ಯೂಟರ್‌ನ ರೀಜನ್ ಅಮೆರಿಕದ್ದಾಗಿದ್ದರೆ ಅದು ಓದುವುದು ತಿಂಗಳು, ದಿನ, ವರ್ಷ. ಹಾಗಾಗಿ 01-07-2024 ಜನವರಿ 7 ಆಗುತ್ತದೆ, 02-07-2024 ಫೆಬ್ರವರಿ 7 ಆಗುತ್ತದೆ, ಹೀಗೆ ಮೊದಲ 12 ದಿನಗಳು ಒಂದೊಂದು ತಿಂಗಳ 7ನೇ ತಾರೀಖಿಗೆ ಹೋಗಿ ಕೂರುತ್ತವೆ. 13ನೇ ತಿಂಗಳು ಇಲ್ಲವಲ್ಲ, ಆದ್ದರಿಂದ 13ರಿಂದ ಮುಂದಿನವು ದಿನಾಂಕವೇ ಆಗದೆ ಅಕ್ಷರವಾಗಿ ಎಡಕ್ಕೆ ಅಂಟಿಕೊಂಡಿರುತ್ತವೆ. ಕಾಲಂನಲ್ಲಿ 12 ಬಲಕ್ಕೆ, ಉಳಿದದ್ದು ಎಡಕ್ಕೆ ಇದ್ದರೆ ಬೇರೆ ಸಾಕ್ಷಿ ಬೇಡ. ಒಮ್ಮೆ ತಪ್ಪಾಗಿ ಓದಿಕೊಂಡ 12 ದಿನಗಳಿಗೆ ಫಾರ್ಮ್ಯಾಟ್ ಬದಲಾಯಿಸಿದರೆ ಪ್ರಯೋಜನವಿಲ್ಲ, ಒಳಗಿನ ದಿನಾಂಕವೇ ಬೇರೆಯಾಗಿದೆ. ರೀಜನ್ ಸರಿಮಾಡಿ ಲೆಕ್ಕವನ್ನು ಮೂಲದಿಂದ ಮತ್ತೆ ತನ್ನಿ. ಅದೇ ಸುರಕ್ಷಿತ.

ಇನ್ನೊಂದು, ಜಲಾಶಯದ ಬದಲು ವರ್ಷಗಳನ್ನು ಹೋಲಿಸುವಾಗ ಆಗುವುದು. ಕನ್ನಂಬಾಡಿಯ 2022, 2023, 2024 ಮೂರನ್ನೂ ಮೂರು ಕಾಲಂ ಮಾಡಿ ಬರದ ವರ್ಷವಾದ 2023ರ ಗೆರೆ ಎಷ್ಟು ಕೆಳಗಿತ್ತು ನೋಡೋಣ ಅಂದುಕೊಂಡರೆ, ಮೊದಲ ಬಿಂದು ಎರಡು ಸಾವಿರದ ಮೇಲೆ, ಉಳಿದದ್ದೆಲ್ಲ ತಳದಲ್ಲಿ ಚಪ್ಪಟೆ. ತಲೆಬರಹದ 2022 ಕೂಡ ಸಂಖ್ಯೆಯೇ ಆದ್ದರಿಂದ ಎಕ್ಸೆಲ್ ಅದನ್ನೂ ಲೆಕ್ಕ ಅಂತ ಎಣಿಸಿದೆ. ವರ್ಷದ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ ಅಕ್ಷರ ಮಾಡಿ, ಗ್ರಾಫನ್ನು ಹೊಸದಾಗಿ ಹಾಕಿ. ಕಾಲಂನ ಮೂಲೆಯ ಸೆಲ್, ಅಂದರೆ ದಿನಾಂಕದ ತಲೆಬರಹ, ಖಾಲಿ ಬಿಟ್ಟು ಗ್ರಾಫ್ ಹಾಕಿದರೂ ಎಕ್ಸೆಲ್‌ಗೆ ಅರ್ಥವಾಗುತ್ತದೆ.

ಎರಡನೇ ಗೆರೆ ಬಂದ ಕೂಡಲೇ ಮೊದಲನೆಯದು ಚಪ್ಪಟೆ

ಕನ್ನಂಬಾಡಿ ಒಂದಕ್ಕೆ ಟಿಕ್ ಹಾಕಿದಾಗ ಏರಿಳಿತ ಚೆನ್ನಾಗಿ ಕಾಣುತ್ತದೆ. ಕಬಿನಿಗೂ ಟಿಕ್ ಹಾಕಿದ ತಕ್ಷಣ ಎರಡೂ ಹಗ್ಗ ಎಳೆದಂತೆ ನೇರವಾಗುತ್ತವೆ. ಇದು ಎಕ್ಸೆಲ್‌ನ ದೋಷವಲ್ಲ, ಅಳತೆಯದ್ದು. ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ, ಅದು ಅಲ್ಲಿನದೇ ಗುರುತಿನಿಂದ ಎಣಿಸಿದ್ದು. ಕಬಿನಿ 2284 ಅಡಿ, ಹಾರಂಗಿ 2859 ಅಡಿ, ಹೇಮಾವತಿ 2922 ಅಡಿ, ಇವು ಸಮುದ್ರ ಮಟ್ಟದಿಂದ. ಎರಡನ್ನೂ ಒಂದೇ ಅಕ್ಷದ ಮೇಲೆ ಹಾಕಿದರೆ ಹತ್ತು ಅಡಿ ಏರಿದ್ದು ಕೂಡ ಕಾಣುವುದಿಲ್ಲ. ಎರಡನೇ ಅಕ್ಷ ಕೊಡಬಹುದು, ಆದರೆ ಅಕ್ಷ ಇರುವುದು ಎರಡೇ, ಟಿಕ್ ಬೀಳುವುದು ನಾಲ್ಕಕ್ಕೂ.

ನಾನು ಮಟ್ಟ ಬಿಟ್ಟು ಸಂಗ್ರಹಕ್ಕೆ ಬಂದೆ. ಪೂರ್ತಿ ತುಂಬಿದಾಗ ಕನ್ನಂಬಾಡಿಗೆ 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು), ಹೇಮಾವತಿಗೆ 37.10, ಕಬಿನಿಗೆ 19.52, ಹಾರಂಗಿಗೆ 8.50. ಆ ದಿನದ ಸಂಗ್ರಹವನ್ನು ಇವುಗಳಿಂದ ಭಾಗಿಸಿ 100ರಿಂದ ಗುಣಿಸಿದರೆ ಎಲ್ಲವೂ 0ಯಿಂದ 100ರ ಒಳಗೆ ಬರುತ್ತವೆ, ಹಾರಂಗಿಯೂ ಕನ್ನಂಬಾಡಿಯ ಪಕ್ಕದಲ್ಲಿ ನಿಲ್ಲುತ್ತದೆ. ಅಡಿಯನ್ನೇ 124.80ರಿಂದ ಭಾಗಿಸಿ ಶೇಕಡ ಮಾಡಬೇಡಿ. ಕಟ್ಟೆಯ ನೀರು ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಮೇಲಿನ ಒಂದು ಅಡಿಯಲ್ಲಿ ಇರುವಷ್ಟು ನೀರು ಕೆಳಗಿನ ಒಂದು ಅಡಿಯಲ್ಲಿ ಇರುವುದಿಲ್ಲ.

ಶೇಕಡ ಮಾಡಿದ ಮೇಲೂ ಗೆರೆ 100 ದಾಟಿ 150, 180ಕ್ಕೆ ಹೋದರೆ ಗ್ರಾಫ್‌ನ ಬಗೆ ನೋಡಿ. ಲೈನ್ ಬದಲು ಸ್ಟ್ಯಾಕ್ಡ್ ಲೈನ್ ಆರಿಸಿರುತ್ತೀರಿ, ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ. ಅದು ಒಂದು ಗೆರೆಯ ಮೇಲೆ ಇನ್ನೊಂದನ್ನು ಕೂಡಿಸಿ ಕೂರಿಸುತ್ತದೆ. ಒಂದೇ ಟಿಕ್ ಇರುವಾಗ ತಪ್ಪು ಕಾಣುವುದೇ ಇಲ್ಲ, ಎರಡನೇ ಟಿಕ್ ಬಿದ್ದಾಗ ಮಾತ್ರ ಹೊರಬರುತ್ತದೆ. ಹಾಗಾಗಿ ಫೈಲ್ ಯಾರಿಗಾದರೂ ಕೊಡುವ ಮುಂಚೆ ಒಂದು, ಎರಡು, ನಾಲ್ಕು, ಮತ್ತೆ ಒಂದೂ ಇಲ್ಲದೆ, ಹೀಗೆ ಎಲ್ಲ ಟಿಕ್ ಹಾಕಿ ತೆಗೆದು ನೋಡಿ.

ಬಣ್ಣ ಮತ್ತು ಹೆಸರು

ಟಿಕ್ ತೆಗೆದರೆ ಗೆರೆ ಹೋಗುತ್ತದೆ, ಕೆಳಗಿನ ಹೆಸರಿನ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಸಹಾಯದ ಕಾಲಂನ ತಲೆಬರಹಕ್ಕೂ ಫಾರ್ಮುಲಾ ಕೊಡಿ, ಟಿಕ್ ಇಲ್ಲದಿದ್ದರೆ ಖಾಲಿ ಬರಲಿ. ಇಲ್ಲಿ ಖಾಲಿ ಅಕ್ಷರ ತೊಂದರೆ ಮಾಡುವುದಿಲ್ಲ. ಬಣ್ಣದ ಚಿಕ್ಕ ಗುರುತು ಮಾತ್ರ ಉಳಿಯುತ್ತದೆ, ಅದನ್ನು ನಾನು ಹಾಗೇ ಬಿಟ್ಟಿದ್ದೇನೆ.

ಟಿಕ್ ಪೆಟ್ಟಿಗೆ ಬದಲು ನಾಲ್ಕು ಡ್ರಾಪ್‌ಡೌನ್ ಇಟ್ಟು, ಇಂಡೆಕ್ಸ್ ಮತ್ತು ಮ್ಯಾಚ್ (ಹೆಸರು ಹುಡುಕಿ ಅದರ ಕಾಲಂನ ಲೆಕ್ಕ ತರುವ ಫಾರ್ಮುಲಾಗಳು) ಸೇರಿಸಿ, ಒಂದೊಂದರಲ್ಲೂ ಬೇಕಾದ ಜಲಾಶಯದ ಹೆಸರು ಆರಿಸುವಂತೆಯೂ ಮಾಡಬಹುದು. ಕಾಲಂಗಳು ಐವತ್ತು, ಅರವತ್ತು ಇದ್ದರೆ ಅದೇ ಒಳ್ಳೆಯದು. ಹೆಸರು ಆರಿಸದಿದ್ದರೆ ಮ್ಯಾಚ್ ತಾನೇ ಎನ್‌ಎ ಕೊಡುತ್ತದೆ. ಆರಿಸಿದರೂ ಗೆರೆ ಬಾರದಿದ್ದರೆ ಮೂಲ ತಲೆಬರಹದ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದೆಯಾ ನೋಡಿ, ಅಷ್ಟಕ್ಕೇ ಹೆಸರು ಹೊಂದಿಕೆ ಆಗುವುದಿಲ್ಲ. ಆದರೆ ಆ ರೀತಿಯಲ್ಲಿ ಬಣ್ಣ ಸೇರುವುದು ಜಾಗಕ್ಕೆ, ಜಲಾಶಯಕ್ಕಲ್ಲ. ಕನ್ನಂಬಾಡಿ ಇವತ್ತು ನೀಲಿ, ನಾಳೆ ಬೇರೆ ಜಾಗದಲ್ಲಿ ಆರಿಸಿದರೆ ಕಿತ್ತಳೆ. ಚಿಕ್ಕಪ್ಪ ಹೆಸರು ಓದುವುದಿಲ್ಲ, ನೀಲಿ ಗೆರೆ ಎಲ್ಲಿದೆ ಅಂತ ನೋಡುತ್ತಾರೆ. ಅದಕ್ಕೇ ಮನೆಯವರ ಫೈಲ್‌ನಲ್ಲಿ ಟಿಕ್ ಪೆಟ್ಟಿಗೆಯನ್ನೇ ಉಳಿಸಿಕೊಂಡಿದ್ದೇನೆ.